ಹದಿನಾಲ್ಕನೆಯ ಹಾಳೆ

ಮುಂಬಯಿಯ ವೈದ್ಯಕೀಯ ಮಾಸಪತ್ರಿಕೆಯೊಂದಕ್ಕೆ ನಾನು ಕಳಿಸಿದ ಮೊದಲ ಲೇಖನ ನೇಕಾರರ ಕುಂಡಿಯ ಬಗ್ಗೆ ಇತ್ತು. ಈಗ ಮೊಮ್ಮಕ್ಕಳ ಮುಂದೆ ಹೇಳಿದರೆ ಬಿದ್ದು ಬಿದ್ದು ನಗುತ್ತಾರೆ. ನಗಲಿ ಪಾಪ. ಆ ನೋವು ಉಂಡವರು ನಗುತ್ತಿರಲಿಲ್ಲ, ಅದನ್ನು ಬರೆಯಲು ಹೊರಟ ನಾನಂತೂ ಆಗ ಯಾವುದಕ್ಕೂ ನಗುತ್ತಿರಲಿಲ್ಲ.

ನಮ್ಮ ಸೀಮೆ ಆಗ ಮುಂಬಯಿ ರಾಜ್ಯದಲ್ಲಿತ್ತು. ಸಂಸ್ಥಾನಗಳು ವಿಲೀನವಾಗಿ ಬಹಳ ದಿನವಾಗಿರಲಿಲ್ಲ. ಮುಧೋಳದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿ, ಬನಹಟ್ಟಿಯ ದವಾಖಾನೆಗೆ ಡಾಕ್ಟರನಾಗಿ ಬಂದಾಗ ನನಗೆ ಇಪ್ಪತ್ತೇಳು ವರ್ಷ. ತಲೆಯಲ್ಲಿ ಒಂದೇ ಹುಳ ಹೊಕ್ಕಿತ್ತು: ಆ ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗಬೇಕು, ಕಾಲೇಜಿನಲ್ಲಿ ಒಮ್ಮೆಯೂ ನನ್ನನ್ನು ಕಣ್ಣೆತ್ತಿ ನೋಡದ ಪ್ರೊಫೆಸರರು ಅದನ್ನು ಓದಬೇಕು.

ಬನಹಟ್ಟಿಯ ಯಾವ ಓಣಿಗೆ ಹೋದರೂ ಮಗ್ಗದ ಸಪ್ಪಳ. ಕುಣಿಮಗ್ಗವೆಂದರೆ ನೆಲದಲ್ಲಿ ತೋಡಿದ ಕುಣಿ. ಅದರೊಳಗೆ ಕಾಲು ಇಳಿಬಿಟ್ಟು, ಅಂಚಿನ ಹಲಗೆಯ ಮೇಲೆ ಕೂತು, ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ನೇಯಬೇಕು. ಕೂತು ಕೂತು ಕುಂಡಿಯ ಎಲುಬಿನ ಕೆಳಗೆ ಗಂಟು ಬೆಳೆಯುತ್ತಿತ್ತು. ಕೆಲವರಿಗೆ ನೀರು ತುಂಬಿ ಬಾತು ಒಡೆಯುತ್ತಿತ್ತು. ನಾಚಿಕೆಯಿಂದ ಯಾರೂ ತೋರಿಸುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಪುಸಲಾಯಿಸಿ, ಪರೀಕ್ಷಿಸಿ, ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತ ಒಂದು ವರ್ಷ ಕಳೆದೆ.

ಅಷ್ಟರಲ್ಲಿ ಒಂದು ವಿಷಯ ನನ್ನ ಗಮನಕ್ಕೆ ಬಂತು. ಒಂದು ಓಣಿಯಲ್ಲಿ ಎಲ್ಲರಿಗೂ ಗಂಟಿತ್ತು, ಒಬ್ಬ ಹಿರಿಯ ನೇಕಾರನಿಗೆ ಮಾತ್ರ ಇರಲಿಲ್ಲ. ತಮ್ಮನನ್ನು ಕರೆದುಕೊಂಡು ಅವನು ದವಾಖಾನೆಗೆ ಬಂದಾಗ ಕಾರಣ ಕೇಳಿದೆ. ಅವನು ಇದ್ದಲಿ ತೆಗೆದುಕೊಂಡು ದವಾಖಾನೆಯ ನೆಲದ ಮೇಲೆಯೇ ಕುಣಿ, ಹಲಗೆ, ಕೂತ ಮನುಷ್ಯ ಎಲ್ಲವನ್ನೂ ಬರೆದ.

“ಹಲಗಿ ಹಿಂದಿನ ಅಂಚು ಎರಡು ಬೆರಳು ಎತ್ತರ ಇರ್ಬೇಕ್ರಿ. ಭಾರ ತೊಡಿಮ್ಯಾಲೆ ಬರ್ತೈತಿ, ಎಲುಬಿನ ಮ್ಯಾಲೆ ಬರೂದಿಲ್ಲ. ಮ್ಯಾಲೆ ಹಾಸೂ ಕೌದಿ ದಿನಾ ಬ್ಯಾರೆ ಥರಾ ಮಡಚ್ಬೇಕು. ಇಷ್ಟ ನೋಡ್ರಿ.”

ಉಳಿದವರಿಗೂ ಹಾಗೆಯೇ ಕೂರಲು ಹೇಳಿದೆ. ಕೆಲವು ತಿಂಗಳಲ್ಲಿ ಹಲವರ ಗಂಟು ಇಳಿಯಿತು. ನನ್ನ ಲೇಖನದ ಜೀವ ಆ ಎರಡು ಬೆರಳಿನಲ್ಲಿತ್ತು. ಅವನಿಂದ ಮತ್ತೊಮ್ಮೆ ನೆಲದ ಮೇಲೆ ಬರೆಸಿದ ಚಿತ್ರವನ್ನು ಕಪ್ಪು ಶಾಯಿಯಲ್ಲಿ ಡ್ರಾಯಿಂಗ್ ಹಾಳೆಯ ಮೇಲೆ ನಕಲು ಮಾಡುತ್ತಿದ್ದಾಗ ಅವನು ಪಕ್ಕದಲ್ಲೇ ನಿಂತು ನೋಡುತ್ತಿದ್ದ.

“ಇದು ಎಲ್ಲಿಗೆ ಹೋಗ್ತೈತ್ರಿ?”

“ಮುಂಬೈಕ್ಕ ಕಾಕಾ. ಪುಸ್ತಕದಾಗ ಅಚ್ಚ ಆಗ್ತೈತಿ.”

ಹಾಳೆಯ ಹತ್ತಿರ ಬಗ್ಗಿದ. “ಹಂಗಾದ್ರ ನನ್ನ ಹೆಸರೂ ಹಾಕ್ರಿ ಸಾಹೇಬ್ರ. ನಲವತ್ತು ವರ್ಷ ಸೀರಿ ನೇದೀನಿ. ಎಲ್ಲಾ ಸೀರಿಮ್ಯಾಲೂ ಸಾವುಕಾರನ ಹೆಸರಿನ ಸಿಕ್ಕಾ ಬೀಳ್ತೈತಿ. ನನ್ನ ಹೆಸರು ಒಂದರ ಮ್ಯಾಲೂ ಇಲ್ಲ.”

“ಆತು ಬಿಡ್ರಿ, ಹಾಕ್ತೇನಿ” ಅಂದೆ. ಅಷ್ಟು ಹಗುರವಾಗಿ ಅಂದುಬಿಟ್ಟೆ.

ಲೇಖನ ಟೈಪು ಮಾಡಿಸಲು ಜಮಖಂಡಿಗೆ ಹೋಗಬೇಕಿತ್ತು. ಅಲ್ಲಿ ಸಂಸ್ಥಾನದ ಕಾಲದ ಕಾರಕೂನರೊಬ್ಬರಿದ್ದರು. ಮೂವತ್ತು ವರ್ಷ ದರಬಾರದ ಇಂಗ್ಲಿಷ್ ಕಾಗದಪತ್ರ ಬರೆದವರು. ಈಗ ಮನೆಯ ಪಡಸಾಲೆಯಲ್ಲಿ ಹಳೆಯ ಟೈಪುಯಂತ್ರ ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಶನಿವಾರ ದವಾಖಾನೆ ಬೇಗ ಮುಗಿಸಿ ಮೋಟಾರು ಹತ್ತುತ್ತಿದ್ದೆ. ಹಾಳೆಯ ಒಂದೇ ಮಗ್ಗುಲಿಗೆ ಬರೆಯಬೇಕು, ಸಾಲುಗಳ ನಡುವೆ ಜಾಗ ಬಿಡಬೇಕು, ಕೋಷ್ಟಕಗಳು ಬೇರೆ ಹಾಳೆಯಲ್ಲಿ ಇರಬೇಕು ಎಂದು ಪತ್ರಿಕೆಯ ನಿಯಮಗಳನ್ನೆಲ್ಲ ಓದಿ ಹೇಳಿದೆ. ಎಲ್ಲಕ್ಕೂ ತಲೆಯಾಡಿಸಿದರು.

ಮುಂದಿನ ಶನಿವಾರ ಹೋಗಿ ನೋಡಿದರೆ ನನ್ನ ಲೇಖನ ಸಾಕ್ಷಾತ್ ಅರ್ಜಿಯಾಗಿತ್ತು! “ಅತ್ಯಂತ ವಿನಮ್ರನಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ” ಎಂದು ಒಳ್ಳೆಯ ದರಬಾರಿ ಇಂಗ್ಲಿಷಿನಲ್ಲಿ ಶುರುವಾಗಿತ್ತು. ಪ್ರತಿ ರೋಗಿಯ ಹೆಸರು, ತಂದೆಯ ಹೆಸರು, ಓಣಿ ಎಲ್ಲವೂ ಬಂದಿದ್ದವು. ನನ್ನ ನೋಟುಪುಸ್ತಕ ನೋಡಿ ಅವರೇ ಸೇರಿಸಿದ್ದರು.

“ರಾಯರ, ರೋಗಿಗಳ ಹೆಸರು ಹಾಕಬಾರ್ದು. ಅದು ಅವರ ಗುಟ್ಟು.”

“ಹೆಸರಿಲ್ಲದ ಅರ್ಜಿ ಯಾರು ಓದ್ತಾರ್ರಿ?”

“ಇದು ಅರ್ಜಿ ಅಲ್ರಿ!” ಎಂದು ರೇಗಿದೆ. ಅವರು ಬೇಸರಿಸಿಕೊಳ್ಳಲಿಲ್ಲ. ಒಳಗಿನಿಂದ ಹಚ್ಚಿದ ಅವಲಕ್ಕಿ ಬಂತು, ಚಹಾ ಬಂತು, ಯಂತ್ರಕ್ಕೆ ಮತ್ತೆ ಹಾಳೆ, ನಡುವೆ ಕಾರ್ಬನ್ನು. ಸಾಲು ಮುಗಿದಾಗ ಬಾರಿಸುತ್ತಿದ್ದ ಆ ಪುಟ್ಟ ಗಂಟೆ, ಯಂತ್ರದ ಎಣ್ಣೆಯ ವಾಸನೆ, ಪಡಸಾಲೆಯ ತಂಪು, ಇವನ್ನೆಲ್ಲ ನೆನೆದರೆ ಇಂದಿಗೂ ಜೀವ ಹಿಂದಕ್ಕೆ ಎಳೆಯುತ್ತದೆ. ಅಂಥ ಶನಿವಾರಗಳು ಆಮೇಲೆ ನನ್ನ ಬಾಳಿನಲ್ಲಿ ಬರಲಿಲ್ಲ.

ಹದಿನಾಲ್ಕನೆಯ ಹಾಳೆ ಕೊನೆಯದು, ಉಪಕಾರ ಸ್ಮರಣೆಯದು. ಕೂರುವ ಈ ರೀತಿಯನ್ನು ತೋರಿಸಿಕೊಟ್ಟವನು ಬನಹಟ್ಟಿಯ ಇಂಥ ನೇಕಾರ ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ರೋಗಿಯಲ್ಲದವನ ಹೆಸರಿಗೆ ನಿಯಮದ ಅಡ್ಡಿಯೇನೂ ಇರಲಿಲ್ಲ. ಆದರೆ ಕಳಿಸುವ ದಿನ ಹತ್ತಿರ ಬಂದಂತೆ ಪ್ರೊಫೆಸರರ ಮುಖ ಕಣ್ಣೆದುರು ಬರತೊಡಗಿತು. ಡಾಕ್ಟರಿಕೆ ಓದಿ ನೇಕಾರನ ಹತ್ತಿರ ಪಾಠ ಕಲಿತ ಅಂದಾರು ಅನಿಸಿತು. ಕೆಂಪು ಪೆನ್ಸಿಲಿನಿಂದ ಆ ಸಾಲು ಹೊಡೆದು, “ಇದು ಬ್ಯಾಡ್ರಿ” ಅಂದೆ. ಕಾರಕೂನರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

ಮುಂದಿನ ವಾರ ಕಟ್ಟು ಸಿದ್ಧವಾಗಿತ್ತು. ಅಂಚೆಕಚೇರಿಯಲ್ಲಿ ರಿಜಿಸ್ಟರ್ ತೆಗೆದುಕೊಳ್ಳುವ ಹೊತ್ತು ಮೀರುತ್ತಿತ್ತು. ಮೇಲಿನ ಪತ್ರಕ್ಕೆ ಸಹಿ ಹಾಕಿ, ಓದದೆಯೇ ಕಟ್ಟನ್ನು ಎತ್ತಿಕೊಂಡು ಓಡಿದೆ.

ಆಮೇಲೆ ಕಾಯುವ ದಿನಗಳು. ಲೇಖನ ಸ್ವೀಕರಿಸಿದ್ದೇವೆ ಎಂದು ಕಾರ್ಡು ಬಂದ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಆ ನೇಕಾರ ಎದುರಾದಾಗಲೆಲ್ಲ “ಬಂತೇನ್ರಿ ಪುಸ್ತಕ?” ಎಂದು ಕೇಳುತ್ತಿದ್ದ. “ಇನ್ನೂ ಇಲ್ಲ ಕಾಕಾ” ಅನ್ನುತ್ತಿದ್ದೆ. ಕೊನೆಗೆ ಅವನ ಓಣಿಯನ್ನೇ ಬಿಟ್ಟು ಸುತ್ತುಹಾದಿ ಹಿಡಿದೆ. ರೋಗಿಗಳನ್ನು ನೋಡಲು ಕಳ್ಳನ ಹಾಗೆ ಓಡಾಡಿದ ಡಾಕ್ಟರು ನಾನೊಬ್ಬನೇ ಇರಬೇಕು.

ಒಂದು ದಿನ ತಿದ್ದಲು ಅಚ್ಚಿನ ಕರಡು ಬಂತು. ಉದ್ದನೆಯ ಹಾಳೆಗಳು. ಮೇಲೆ ನನ್ನ ಹೆಸರು. ಅದನ್ನೇ ನಾಲ್ಕು ಸಲ ಓದಿ, ಆಮೇಲೆ ಕೆಳಗಿಳಿದೆ. ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ, ನಾನು ಹೊಡೆದುಹಾಕಿದ ಸಾಲು ಹಾಗೆಯೇ ನಿಂತಿತ್ತು. ನೇಕಾರನ ಹೆಸರು, ಊರು, ಎಲ್ಲ.

ಮೈಯೆಲ್ಲ ಉರಿಯಿತು. ಅದೇ ದಿನ ಮೋಟಾರು ಹಿಡಿದು ಜಮಖಂಡಿಗೆ ಹೋಗಿ ಆ ಹಾಳೆಯನ್ನು ಕಾರಕೂನರ ಮುಂದೆ ಹಿಡಿದೆ. “ಇದನ್ನ ತಗೀರಿ ಅಂದಿದ್ನಿಲ್ರಿ?”

“ಅಂದಿದ್ರಿ.”

“ಮತ್ತ?”

“ಮೂವತ್ತು ವರ್ಷ ದರಬಾರದಾಗ ಬರದೇನ್ರಿ. ಹೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚೂಕಡಿಮಿ ಮಾಡಿದಾಂವ ಅಲ್ಲ. ಆದ್ರ ನೋಡ್ದಾಂವನ ಹೆಸರು ಬಿಟ್ಟು ಸಾಕ್ಷಿ ಬರಿಯೂದು ನಾ ಕಲಿತಿಲ್ಲ. ಈ ಕಾಗದದಾಗಿನ ಸಂಗತಿ ಮೊದಲ ನೋಡ್ದಾಂವ ಅವನ ಅಲ್ಲೇನ್ರಿ?” ಲೇಖನಿಯನ್ನು ನನ್ನ ಕಡೆಗೆ ಸರಿಸಿದರು. “ಹೊಡಿಯೂದಿದ್ರ ನೀವ ಹೊಡೀರಿ. ನನ್ನ ಕೈಲೆ ಆಗಲಿಲ್ಲ.”

ಲೇಖನಿ ಹಿಡಿದು ಕೂತೆ. ಪ್ರೊಫೆಸರರ ಮುಖ ನೆನಪಿಗೆ ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಇದ್ದಲಿ ಹಿಡಿದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತವನೇ ಕಂಡ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಕೊನೆಯ ಸಾಲನ್ನು ಮುಟ್ಟಲಿಲ್ಲ. ಚಿತ್ರದ ಅಡಿಯಲ್ಲಿ ‘ಚಿತ್ರ: ಲೇಖಕನದು’ ಎಂದಿದ್ದನ್ನು ಹೊಡೆದು ಅಲ್ಲಿಯೂ ಅವನ ಹೆಸರು ಬರೆದೆ. ಕಾರಕೂನರು ಶಾಯಿ ಒಣಗಲೆಂದು ಊದಿದರು.

ಸಂಚಿಕೆ ಬಂದ ದಿನ ಸುತ್ತುಹಾದಿ ಬಿಟ್ಟು ನೇರ ಅವನ ಮನೆಗೆ ಹೋದೆ. ಮಗ್ಗ ನಿಲ್ಲಿಸಿ, ಕುಣಿಯಿಂದ ಮೇಲೆ ಬಂದು, ಧೋತರಕ್ಕೆ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡ. ಇಂಗ್ಲಿಷು ಅವನಿಗೆ ಬರುತ್ತಿರಲಿಲ್ಲ. ಎರಡು ಕಡೆಯೂ ಬೆರಳಿಟ್ಟು ತೋರಿಸಿದೆ. ಅಕ್ಷರಗಳನ್ನು ಬಟ್ಟೆಯ ಎಳೆ ನೋಡುವ ಹಾಗೆ ಕಣ್ಣ ಹತ್ತಿರ ಹಿಡಿದು ನೋಡಿದ.

“ಸಾವುಕಾರನ ಸಿಕ್ಕಾ ಎಲ್ಲೈತ್ರಿ ಇದರಾಗ?”

“ಇಲ್ಲ ಕಾಕಾ.”

“ಖರೆ?”

“ಖರೆ.”

ಅವನು ನನ್ನನ್ನು ನಂಬಲಿಲ್ಲ. ನಂಬಬೇಕಾದ ಕಾರಣವೂ ಇರಲಿಲ್ಲ. ಕಟ್ಟೆಯ ಮೇಲೆ ಕೂತು, ಮೊದಲ ಪುಟದಿಂದ ಶುರುಮಾಡಿ, ಒಂದೊಂದೇ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ಕೊನೆಯ ತನಕ ಸಿಕ್ಕಾ ಹುಡುಕಿದ. ಎಲ್ಲಿಯೂ ಸಿಗದಿದ್ದಾಗ, ತನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಹೆಂಡತಿಯನ್ನು ಹೊರಗೆ ಕರೆದ.