ಸಿದ್ದರಾಜು ಅವರ ಬ್ರೇಕು

ಸಿದ್ದರಾಜು ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಸೈಕಲ್ ಬಿಟ್ಟರೆ ಬೇರೆ ಯಾವ ವಾಹನವನ್ನೂ ಅವರು ನಡೆಸಿದವರಲ್ಲ. ಅಂಥವರು ನಿವೃತ್ತಿಯಾದ ಮೇಲೆ ನಾಲ್ಕು ವರ್ಷ, ಶಂಕರಪುರದ ನಮ್ಮ ಬೀದಿಯಲ್ಲಿ, ತಮ್ಮ ಮನೆಯ ಪಕ್ಕದ ತಗಡಿನ ಶೀಟಿನ ಕೆಳಗೆ ಒಂದು ಹಳೆಯ ಕಾರನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚುತ್ತ ಕಳೆದರು. ಅದನ್ನು ಓಡಿಸಿ ನೋಡುವ ಕೆಲಸ ಎದುರು ಮನೆಯ ನನ್ನ ಪಾಲಿಗೆ ಬಂತು. ಇವತ್ತಿಗೂ ಅವರ ನೆನಪಾದಾಗ ನನಗೆ ಮೊದಲು ಬರುವುದು ಸಿಟ್ಟು. ಅವರ ಮೇಲೆ ಸ್ವಲ್ಪ, ನನ್ನ ಮೇಲೆ ಹೆಚ್ಚು.

ಅವರು ನೀರು ಸರಬರಾಜಿನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ತೆಳ್ಳಗೆ, ಎತ್ತರಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿದ ಆಳು. ಕಾರಿನ ಕೆಳಗೆ ನುಗ್ಗುವಾಗಲೂ ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿಯೇ. ಸ್ಪ್ಯಾನರ್ ಹಿಡಿಯುವ ಮುಂಚೆ ಪೆನ್ಸಿಲ್ ಹಿಡಿಯಬೇಕು. ಒಂದು ಬೋಲ್ಟು ಬದಲಾಯಿಸಬೇಕೆಂದರೆ ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ಮೂರು ಚಿತ್ರ ಆಗಬೇಕು. “ಮೊದ್ಲು ಬರೆದು ನೋಡೋಣ ಮೇಡಂ. ಕಾಗದದ ಮೇಲೆ ತಪ್ಪಾದ್ರೆ ರಬ್ಬರಲ್ಲಿ ಅಳಿಸ್ಬಹುದು,” ಎನ್ನುತ್ತಿದ್ದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೇ ಅವರ ನಿಧಾನ ತಡೆಯಲು ಆಗುತ್ತಿರಲಿಲ್ಲ.

ಕಾರು ಗುಂಡು ಬೆನ್ನಿನ ವಿಲಾಯಿತಿ ಗಾಡಿ. ಬೀದಿಯವರು ಅದಕ್ಕೆ ಆಮೆ ಎಂದು ಹೆಸರಿಟ್ಟಿದ್ದರು. ಬಸವನಗುಡಿಯ ದೊಡ್ಡ ಮನೆಯೊಂದನ್ನು ಕೆಡವುವಾಗ ಶೆಡ್ಡಿನಲ್ಲಿ ಸಿಕ್ಕಿದ್ದನ್ನು ಗುಜರಿಗೆ ಹೋಗದಂತೆ ತಡೆದು ಲಾರಿಯ ಮೇಲೆ ಹೇರಿಸಿಕೊಂಡು ತಂದಿದ್ದರು. ಆ ಗಾಡಿಯೇ ಯಾಕೆ ಎಂದು ನಾನು ಕೇಳಿರಲಿಲ್ಲ. ಎರಡನೇ ವರ್ಷದಲ್ಲಿ ಒಂದು ಸಂಜೆ ಅವರೇ ಹೇಳಿದರು.

“ನಮ್ಮಪ್ಪ ಈ ಗಾಡಿಗೆ ಡ್ರೈವರ್ ಆಗಿದ್ರು ಮೇಡಂ. ಹತ್ತೊಂಬತ್ತು ವರ್ಷ.”

ಅವರ ತಂದೆ ಮಾದಯ್ಯ ಒಂದು ಬೆಳಿಗ್ಗೆ ಯಜಮಾನರನ್ನು ಹಿಂದೆ ಕೂರಿಸಿಕೊಂಡು ಗವಿಪುರದ ಇಳಿಜಾರಿನಲ್ಲಿ ಬರುತ್ತಿದ್ದಾಗ ಬಲಗಡೆಯ ಅಡ್ಡರಸ್ತೆಯಿಂದ ಒಬ್ಬ ಸೈಕಲ್ಲಿನವನು ನುಗ್ಗಿದ. ಬ್ರೇಕು ಹಿಡಿಯಲಿಲ್ಲ. ಎಡಕ್ಕೆ ತಿರುಗಿಸಿ ಗೋಡೆಗೆ ಕೊಟ್ಟೆ, ಆದರೂ ಸೈಕಲ್ಲಿಗೆ ತಗುಲಿತು ಎಂದು ಮಾದಯ್ಯ ಹೇಳಿದರು. ಡ್ರೈವರ್ ಜೋರಾಗಿ ಬಂದು ನೇರ ಗುದ್ದಿದ, ಸ್ಟೀರಿಂಗ್ ತಿರುಗಿಸಲೇ ಇಲ್ಲ ಎಂದು ಯಜಮಾನರು ಹೇಳಿದರು. ಪೊಲೀಸರು ಯಜಮಾನರ ಮಾತನ್ನು ಬರೆದುಕೊಂಡರು. ಸೈಕಲ್ಲಿನವನ ಕಾಲು ಮುರಿದಿತ್ತು. ಮಾದಯ್ಯನವರ ಕೆಲಸ ಹೋಯಿತು, ಲೈಸೆನ್ಸೂ ಹೋಯಿತು. ಆಮೇಲೆ ಬದುಕಿರುವವರೆಗೆ ಚಾಮರಾಜಪೇಟೆಯ ಒಂದು ಛತ್ರದಲ್ಲಿ ಕಾವಲಿಗಿದ್ದರು. ಮಗನಿಗೆ ಹೇಳಿದ್ದು ಒಂದೇ ಮಾತು: ಸ್ಟೀರಿಂಗ್ ಮುಟ್ಟಬೇಡ, ಓದು.

“ಅದಕ್ಕೆ ನಾನು ಮುಟ್ಟಲಿಲ್ಲ,” ಎಂದರು ಸಿದ್ದರಾಜು. “ಆದ್ರೆ ಈ ಗಾಡಿ ಆ ಇಳಿಜಾರಲ್ಲಿ ಒಂದ್ಸಲ ನಿಲ್ಲಬೇಕು. ಓಡೋದು ನನಗೆ ಬೇಕಾಗಿಲ್ಲ. ನಿಲ್ಲಬೇಕು.”

ಬೇಕಾಗಿದ್ದದ್ದು ಬ್ರೇಕು ಮಾತ್ರ. ಹಳೆಯ ಡ್ರಮ್ ಬ್ರೇಕು ತೆಗೆದು ಈಗಿನ ಕಾರುಗಳ ಡಿಸ್ಕ್ ಬ್ರೇಕು ಹಾಕುವುದು, ಒಂದು ತಿಂಗಳ ಕೆಲಸ ಎಂದು ಲೆಕ್ಕ ಹಾಕಿದ್ದರು. ಡಿಸ್ಕು ಹಾಕಿದ ಮೇಲೆ ಹಳೆಯ ಚಕ್ರ ಅದರ ಮೇಲೆ ಕೂರಲಿಲ್ಲ. ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿ ಹೊಸ ಚಕ್ರ ತಂದರೆ ಅದು ಮಡ್‌ಗಾರ್ಡಿಗೆ ಉಜ್ಜಿತು. ಮಡ್‌ಗಾರ್ಡು ಒಳಗಿನಿಂದ ಬಡಿದು ಜಾಗ ಮಾಡಿದರೆ ಪೆಡಲು ಕಲ್ಲಿನಂತೆ ಗಟ್ಟಿ. ಕಾಲಿನ ಒತ್ತಡ ಹೆಚ್ಚಿಸಲು ಬೂಸ್ಟರ್ ಎಂಬ ದೊಡ್ಡ ಡಬ್ಬಿ ಬೇಕು, ಅದನ್ನಿಡಲು ಬಾನೆಟ್ಟಿನ ಕೆಳಗೆ ಜಾಗವಿಲ್ಲ. ಎಂಜಿನ್ನೇ ಬದಲಾಯಿಸಿದರೆ ಜಾಗವೂ ಸಿಗುತ್ತದೆ ಎಂದು ಯಾರೋ ಹೇಳಿದರು. ಸಣ್ಣ ವ್ಯಾನಿನ ಎಂಜಿನ್ ಬಂತು. ಅದನ್ನು ಕೂರಿಸುವುದರಲ್ಲಿ ಎಂಟು ತಿಂಗಳು ಹೋಯಿತು. ಅದು ಸ್ಟಾರ್ಟಾದ ದಿನ ಅವರ ಹೆಂಡತಿ ರತ್ನಮ್ಮ ಬೀದಿಗೆಲ್ಲ ಕೇಸರಿಬಾತು ಹಂಚಿದರು. ಮುಂದಿನ ವಾರ ಸಾರಿಗೆ ಕಚೇರಿಗೆ ಹೋದರೆ, ಅಲ್ಲಿನ ಅಧಿಕಾರಿ ಗಾಡಿಯ ಆರ್.ಸಿ. ಪುಸ್ತಕವನ್ನೂ ನಾವು ಬರೆದುಕೊಂಡು ಹೋಗಿದ್ದ ಎಂಜಿನ್ ನಂಬರನ್ನೂ ನೋಡಿ, “ಕಾಗದದಲ್ಲಿರೋ ಗಾಡಿ ಇದಲ್ಲ ಸಾರ್. ಹಳೇ ಎಂಜಿನ್ ಇದ್ರೆ ಅದನ್ನೇ ಹಾಕ್ಕೊಂಡ್ಬನ್ನಿ,” ಎಂದರು. ತಪ್ಪೇನೂ ಹೇಳಲಿಲ್ಲ ಆತ.

ವಾಪಸು ಬರುವಾಗ ಆಟೋದಲ್ಲಿ ನಾನು ಕೂಗಾಡಿದೆ. ಮೊದಲೇ ಕೇಳಬಾರದಿತ್ತೇ, ಎಂಟು ತಿಂಗಳು ನಕ್ಷೆ ಬರೆದವರು ಒಂದು ಅರ್ಜಿ ಬರೆಯಬಾರದಿತ್ತೇ ಎಂದೆ. ಅವರು ಹೊರಗೆ ನೋಡುತ್ತ ಕೂತಿದ್ದರು. ನ್ಯಾಷನಲ್ ಕಾಲೇಜು ದಾಟಿದ ಮೇಲೆ, “ಹಳೇ ಎಂಜಿನ್ ಪಕ್ಕಕ್ಕೆ ಬೂಸ್ಟರ್ ಇಡಕ್ಕಾಗಲ್ಲ. ಸೀಟಿನ ಕೆಳಗಿಟ್ರೆ ಹೆಂಗೆ ಮೇಡಂ?” ಎಂದರು.

ಹಾಗೆಯೇ ಇಟ್ಟರು. ಗೋಣಿಚೀಲ ಸುತ್ತಿಟ್ಟಿದ್ದ ಹಳೆಯ ಎಂಜಿನ್ ಮತ್ತೆ ಒಳಗೆ ಹೋಯಿತು. ಸಾರಿಗೆ ಕಚೇರಿಯ ಪರೀಕ್ಷೆಯಲ್ಲಿ ಗಾಡಿ ಪಾಸಾಯಿತು.

ಆ ದಿನಗಳಲ್ಲಿ ಹಳೆಯ ಕಾರುಗಳ ಷೋಕಿಯ ಒಬ್ಬರು ಸುದ್ದಿ ಕೇಳಿ ನೋಡಲು ಬಂದರು. ಬಾಗಿ ಚಕ್ರದ ಹಿಂದೆ ಇಣುಕಿದವರು ಮುಖ ಸಿಂಡರಿಸಿದರು. “ಒರಿಜಿನಲ್ ಬ್ರೇಕೇ ತೆಗೆದುಬಿಟ್ಟಿದೀರಲ್ಲ. ಇಂಥ ಗಾಡೀನ ಕೆಡಿಸೋದು ಪಾಪ ಕಣ್ರಿ. ಆ ಕಾಲದ ಕೆಲಸಕ್ಕೆ ಒಂದು ಘನತೆ ಇತ್ತು.”

ಸಿದ್ದರಾಜು ಕೈ ಒರೆಸಿಕೊಳ್ಳುತ್ತ ಕೇಳಿದರು: “ನಿಮ್ಮ ಮನೇಲೂ ಹಿಂಗೆ ಗಾಡಿ ಇತ್ತಾ ಸಾರ್?”

“ಇತ್ತು. ತಾತನ ಕಾಲದಲ್ಲಿ. ನಾನು ಅದ್ರಲ್ಲೇ ಸ್ಕೂಲಿಗೆ ಹೋಗ್ತಿದ್ದೆ.”

“ಹಿಂದಿನ ಸೀಟಲ್ಲಿ ಕೂತ್ಕೊಂಡು.”

“ಹೌದು.”

“ಅದಕ್ಕೇ ಸಾರ್,” ಎಂದು ಅವರು ಮತ್ತೆ ಕೆಲಸಕ್ಕೆ ಬಾಗಿದರು. ಬಂದವರು ಹೋದರು.

ಮೊದಲ ಬ್ರೇಕು ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆ, ರಸ್ತೆಯಲ್ಲಿ ಜನ ಓಡಾಡುವ ಮುಂಚೆ. ಜಾಗ ಅದೇ ಇಳಿಜಾರು. ನಾನು ಸ್ಟೀರಿಂಗಿನ ಮುಂದೆ, ಅವರು ಪಕ್ಕದಲ್ಲಿ ನೋಟ್‌ಬುಕ್ ಹಿಡಿದುಕೊಂಡು. ಅರ್ಧ ಇಳಿದ ಮೇಲೆ, “ಈಗ,” ಎಂದರು. ಒತ್ತಿದೆ. ಗಾಡಿ ಎಡಕ್ಕೆ ಹೊರಳಿತು. ಸ್ಟೀರಿಂಗ್ ನನ್ನ ಕೈಯಲ್ಲಿ ನಿಲ್ಲಲಿಲ್ಲ. ಫುಟ್‌ಪಾತು ಹತ್ತಿ ಒಂದು ಕಾಂಪೌಂಡಿನ ಗೋಡೆಗೆ ತಾಗಿ ನಿಂತಿತು. ಎಡಗಡೆಯ ದೀಪ ಒಡೆದು ಚೂರಾಯಿತು. ಎರಡು ಮಾರು ಆಚೆ ಒಬ್ಬಾಕೆ ಹೂವಿನ ಬುಟ್ಟಿ ಇಳಿಸುತ್ತಿದ್ದವಳು ಹಾಗೇ ನಿಂತುಬಿಟ್ಟಿದ್ದಳು.

ಅವರು ಕೇಳಿದ್ದು: “ಎಡಕ್ಕೆ ಎಷ್ಟು ಎಳೀತು ಮೇಡಂ? ಜಾಸ್ತಿನಾ, ಸ್ವಲ್ಪನಾ?”

“ಸಿದ್ದರಾಜು ಅವರೇ, ಆ ಹೆಂಗಸು ಅಲ್ಲಿ ನಿಂತಿದ್ದಳು. ನಿಮಗೆ ಕಾಣಿಸಲಿಲ್ವಾ? ಇದೇನು ನಿಮ್ಮ ಡ್ರಾಯಿಂಗ್ ಶೀಟ್ ಅಂದ್ಕೊಂಡಿದೀರಾ, ರಬ್ಬರಲ್ಲಿ ಅಳಿಸೋಕೆ?”

ಅವರು ನೋಟ್‌ಬುಕ್ ಮುಚ್ಚಿ ಇಳಿದರು. ಹೂವಿನವಳ ಹತ್ತಿರ ಹೋಗಿ ಕೈಮುಗಿದು ಏನೋ ಹೇಳಿದರು. ನಾನು ಕೀಲಿಯನ್ನು ಸೀಟಿನ ಮೇಲಿಟ್ಟು ಮನೆಗೆ ನಡೆದೆ.

ಒಂದು ತಿಂಗಳು ನಾನು ಎದುರು ಮನೆಯ ಕಡೆ ನೋಡಲಿಲ್ಲ. ಅಲ್ಲಿಂದ ಸುತ್ತಿಗೆಯ ಸದ್ದೂ ಬರುತ್ತಿರಲಿಲ್ಲ. ಆಮೇಲೆ ಒಂದು ದಿನ ಅವರೇ ಸುರುಳಿ ಸುತ್ತಿದ ದೊಡ್ಡ ಹಾಳೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ನಮ್ಮ ಹಾಲಿನ ನೆಲದ ಮೇಲೆ ಹಾಸಿ, ಮೂಲೆಗಳಿಗೆ ನನ್ನ ಪುಸ್ತಕಗಳನ್ನೇ ಇಟ್ಟರು. ಕಾರಿನ ಅಡಿಯ ಚೌಕಟ್ಟು, ನಿಜವಾದ ಅಳತೆಯಲ್ಲಿ.

“ಬ್ರೇಕಲ್ಲಿ ತಪ್ಪಿಲ್ಲ ಮೇಡಂ. ಗಾಡೀನೇ ಸೊಟ್ಟ. ನಾನು ಎರಡೂ ಕಡೆ ಒಂದೇ ಇರುತ್ತೆ ಅಂತ ಬಲಗಡೆ ಮಾತ್ರ ಅಳೆದಿದ್ದೆ. ನೋಡಿ, ಎಡಗಡೆ ಮುಂಚಕ್ರ ಮುಕ್ಕಾಲು ಇಂಚು ಹಿಂದಕ್ಕೆ ಹೋಗಿದೆ. ಮಡ್‌ಗಾರ್ಡು ಬದಲಾಯಿಸಿ ಬಣ್ಣ ಬಳಿದಿದಾರೆ, ಒಳಗಿನ ಬಾಗು ಹಂಗೇ ಬಿಟ್ಟಿದಾರೆ. ಮೊನ್ನೆ ಗೋಡೆಗೆ ತಾಗಿದ್ದಲ್ಲ ಇದು, ಬಾಗಿನ ಮೇಲೆ ಹಳೇ ತುಕ್ಕಿದೆ.”

ನನಗೆ ಅರ್ಥವಾಗಲಿಲ್ಲ. ಅವರ ಬೆರಳು ಹಾಳೆಯ ಮೇಲೆ ಒಂದೇ ಕಡೆ ನಿಂತಿತ್ತು.

“ಸೈಕಲ್ ಬಂದಿದ್ದು ಬಲಗಡೆಯಿಂದ. ಬಡಿದಿರೋದು ಎಡಗಡೆ. ಅಪ್ಪ ಗೋಡೆಗೆ ತಿರುಗಿಸಿದ್ರು ಮೇಡಂ. ಹೇಳಿದ್ದು ನಿಜ.”

ಕಾಫಿ ಮಾಡಿ ತಂದುಕೊಟ್ಟೆ. ಅವರು ಕುಡಿಯದೆ ಹಾಳೆ ನೋಡುತ್ತಿದ್ದರು. ಇದನ್ನು ಯಾರಿಗೆ ತೋರಿಸುವುದು? ಯಜಮಾನರು ಸತ್ತು ಎಷ್ಟೋ ವರ್ಷ. ಕೇಸಿನ ಕಾಗದ ಯಾವ ಕಚೇರಿಯಲ್ಲಿ ಗೆದ್ದಲಿಗೆ ಹೋಗಿದೆಯೋ. ಆ ಮನೆಯ ಮೊಮ್ಮಕ್ಕಳಿಗೆ ಮಾದಯ್ಯ ಎಂಬ ಡ್ರೈವರ್ ಇದ್ದದ್ದೇ ಗೊತ್ತಿರಲಿಲ್ಲ.

ಆಮೇಲಿನ ತೊಡಕು ಇನ್ನೂ ಕೆಟ್ಟದ್ದು. ಬ್ರೇಕು ಸರಿಯಾಗಬೇಕಾದರೆ ಆ ಬಾಗನ್ನು ಎಳೆದು ನೆಟ್ಟಗೆ ಮಾಡಬೇಕು. ನೆಟ್ಟಗೆ ಮಾಡಿದರೆ ಅವರ ತಂದೆಯ ಮಾತಿಗಿದ್ದ ಒಂದೇ ಸಾಕ್ಷಿ ಹೋಗುತ್ತದೆ. ಆರು ವಾರ ಅವರು ಏನೂ ಮಾಡಲಿಲ್ಲ. ದಿನಾ ಕಾರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುವರು. ರತ್ನಮ್ಮ ನನ್ನನ್ನು ಕರೆದು, “ಟೀಚರ್, ನೀವಾದ್ರೂ ಹೇಳಿ. ಊಟ ಸರಿಯಾಗಿ ಮಾಡ್ತಿಲ್ಲ,” ಎಂದರು. ನಾನು ಹೋಗಿ, ಬಾಗಿನ ಫೋಟೊ ತೆಗೆದಾಗಿದೆ, ನಕ್ಷೆ ಇದೆ, ಇನ್ನೇನು ಬೇಕು, ಒಂದು ತೀರ್ಮಾನ ಮಾಡಿ ಎಂದು ಸ್ವಲ್ಪ ಒರಟಾಗಿಯೇ ಹೇಳಿದೆ.

“ನಕ್ಷೆ ನಾನು ಬರೆದಿದ್ದು. ಬಾಗು ಅಪ್ಪ ಮಾಡಿದ್ದು,” ಎಂದರು.

ಕೊನೆಗೆ ಅವರೇ ತೀರ್ಮಾನಿಸಿದರು. ಗಾಡಿಯನ್ನು ಬಾಡಿ ಕೆಲಸದವರ ಹತ್ತಿರ ಎಳೆಸಿಕೊಂಡು ಹೋಗಿ, ಸರಪಳಿ ಕಟ್ಟಿ ನೆಟ್ಟಗೆ ಮಾಡಿಸಿದರು. ಯಾಕೆ ಮನಸ್ಸು ಬದಲಾಯಿತು ಎಂದರೆ, “ಅಪ್ಪ ಇದ್ದಿದ್ರೆ ಮೊದ್ಲು ಬ್ರೇಕ್ ನೋಡೋ ಅಂತಿದ್ರು. ಅವರ ವಿಷಯ ಆಮೇಲೆ,” ಎಂದರು.

ಅದಾದ ಮೇಲೆ ಒಂದು ಗುರುವಾರ ಅವರು ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಒಳಗೆ ಬರಲಿಲ್ಲ.

“ಮೇಡಂ, ಎಲ್ಲಾ ರೆಡಿ. ಈ ಸಲ ಜನ ಯಾರೂ ಇಲ್ಲದಿರೋ ಹಂಗೆ ಎರಡೂ ಕಡೆ ನಮ್ಮ ಕಡೆಯವರನ್ನ ನಿಲ್ಲಿಸ್ತೀನಿ. ಭಾನುವಾರ ಬರ್ತೀರಾ?”

ಉತ್ತರಪತ್ರಿಕೆ ತಿದ್ದುವ ಕೆಲಸ ಇದೆ ಎಂದೆ. ಇತ್ತು, ನಿಜ. ಆದರೆ ಅರ್ಧ ಗಂಟೆ ಬಿಡುವು ಸಿಗದಷ್ಟು ಇರಲಿಲ್ಲ. ಒಡೆದ ದೀಪದ ಸದ್ದು ಇನ್ನೂ ಕಿವಿಯಲ್ಲಿತ್ತು, ಅಷ್ಟೇ. ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಿ ಎಂದೆ.

“ಬೇರೆಯವರು ಬೇಡ. ನೀವು ಮೊದ್ಲು ಓಡಿಸಿದ್ದು. ವ್ಯತ್ಯಾಸ ನಿಮಗೇ ಗೊತ್ತಾಗೋದು,” ಎಂದರು. “ಮುಂದಿನ ವಾರ ನೋಡೋಣ ಬಿಡಿ.”

ಮುಂದಿನ ವಾರ ಮದುವೆಯೊಂದಿತ್ತು. ಅದರ ಮುಂದಿನ ವಾರಕ್ಕೆ ನಾನು ನೆಪವನ್ನೂ ಹೇಳಲಿಲ್ಲ, ಬಾಗಿಲು ಬಡಿದಾಗ ತಡವಾಗಿ ತೆಗೆದೆ. ಅಷ್ಟರಲ್ಲಿ ಅವರು ರಸ್ತೆ ದಾಟಿ ಹೋಗುತ್ತಿದ್ದರು. ನಾನು ಕರೆಯಲಿಲ್ಲ. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಆ ಬಾಗಿದ ಬೆನ್ನನ್ನು. ಬುಧವಾರ ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ.

ಅವರ ಮನೆಯ ಮುಂಗೋಣೆಯಲ್ಲಿ, ಬುದ್ಧನ ಚಿತ್ರದ ಕೆಳಗೆ ಮಲಗಿಸಿದ್ದರು. ಬುದ್ಧವಂದನೆ ಹೇಳುವಾಗ ನಾನು ಹಿಂದೆ ನಿಂತಿದ್ದೆ. ರತ್ನಮ್ಮನವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಎರಡು ತಿಂಗಳಾದ ಮೇಲೆ ರತ್ನಮ್ಮನವರೇ ಕೀಲಿ ತಂದರು. “ನಮ್ಮ ತಮ್ಮನ ಮಗಳು ವೈಯಾಲಿಕಾವಲ್‌ನಲ್ಲಿದಾಳೆ. ಗಾಡಿ ನನಗೆ ಬೇಕು ಅಂತಿದಾಳೆ. ಕೊಡೋದು ಕೊಡ್ತೀನಿ. ಅದಕ್ ಮುಂಚೆ ಬ್ರೇಕ್ ಹಿಡಿಯುತ್ತಾ ಅಂತ ಗೊತ್ತಾಗ್ಬೇಕಲ್ಲ ಟೀಚರ್. ನೀವೇ ನೋಡಿ ಹೇಳ್ಬೇಕು.”

ಭಾನುವಾರ ಬೆಳಿಗ್ಗೆ ಹೊರಟೆವು. ಹಿಂದೆ ಆರಾಮಾಗಿ ಕೂತುಕೊಳ್ಳಿ ಅಕ್ಕ ಎಂದರೆ ಕೇಳದೆ ಮುಂದೆ ನನ್ನ ಪಕ್ಕದಲ್ಲೇ ಕೂತರು. ಅವರ ತಮ್ಮ ಇಳಿಜಾರಿನ ಕೆಳಗೆ ನಿಂತು ರಸ್ತೆ ಖಾಲಿ ಎಂದು ಕೈಯೆತ್ತಿದ. ಅರ್ಧ ಇಳಿದ ಮೇಲೆ ನಾನು ಒತ್ತಿದೆ.

ಕಾರು ನಿಂತಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಸ್ಟೀರಿಂಗ್ ನನ್ನ ಕೈಯಲ್ಲಿ ಮಿಸುಕಾಡಲಿಲ್ಲ. ನಾಲ್ಕು ವರ್ಷ ಬೈದುಕೊಂಡು ಕಾದಿದ್ದು ಒಂದು ಕ್ಷಣದಲ್ಲಿ ಮುಗಿದುಹೋಗಿತ್ತು. ವ್ಯತ್ಯಾಸ ಏನೆಂದು ಕೇಳಿ ಬರೆದುಕೊಳ್ಳುವವರು ಇರಲಿಲ್ಲ.

“ನಿಲ್ತು ಅಲ್ವಾ?” ಎಂದರು ರತ್ನಮ್ಮ.

“ನಿಲ್ತು ಅಕ್ಕ. ನೆಟ್ಟಗೆ ನಿಲ್ತು.”

ಅವರು ಮುಂದಿನ ಗಾಜಿನಾಚೆ ನೋಡುತ್ತಿದ್ದರು.

“ಆ ಭಾನುವಾರ ಬಂದಿದ್ರೂ ನಿಲ್ತಿತ್ತಾ?”

ಆ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ತಿಳಿದುಕೊಳ್ಳಬೇಕಿತ್ತು, ಕೇಳಿದರು. ಸಿದ್ದರಾಜು ತೀರಿಕೊಂಡ ಮೇಲೆ ಕಾರನ್ನು ಯಾರೂ ಮುಟ್ಟಿರಲಿಲ್ಲ.

“ನಿಲ್ತಿತ್ತು,” ಎಂದೆ.

ರತ್ನಮ್ಮ ತಲೆಯಾಡಿಸಿದರು. ಹಿಂದೆ ಒಂದು ಆಟೋ ಬಂದು ಹಾರ್ನ್ ಮಾಡತೊಡಗಿತು. ನಾನು ಬ್ರೇಕಿನ ಮೇಲಿಂದ ಕಾಲು ತೆಗೆಯದೆ ಕೂತಿದ್ದೆ.

“ನಡೀರಿ ಟೀಚರ್,” ಎಂದರು ಅವರು, “ಹಿಂದಿನೋರು ಕಾಯ್ತಿದಾರೆ.”