ಮುಚ್ಚಳದೊಳಗಿನ ನಂಬರು

ಗಡಿಯಾರದಣ್ಣನಿಗೆ ಒಂದು ಅಭ್ಯಾಸವಿತ್ತು. ರಿಪೇರಿ ಮಾಡಿದ ಪ್ರತಿ ಗಡಿಯಾರದ ಹಿಂಬದಿ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಾರೀಖು ಮತ್ತು ಒಂದು ನಂಬರು ಗೀಚುತ್ತಿದ್ದ. ಗಿರಾಕಿ ಯಾರಾದರೂ ಬಂದು ನೀನೇ ಕೆಡಿಸಿದ್ದು ಎಂದು ಜಗಳ ತೆಗೆದರೆ ಮುಚ್ಚಳ ಬಿಚ್ಚಿ, ಭೂತಗನ್ನಡಿ ಕೈಗಿಟ್ಟು ಸುಮ್ಮನೆ ಕೂರುತ್ತಿದ್ದ. ಅವನು ವಾದದಲ್ಲಿ ಸೋಲುತ್ತಿದ್ದದ್ದು ಹೆಂಡತಿಯೊಬ್ಬಳ ಹತ್ತಿರ. ಅವಳಿಗೆ ಬಿಚ್ಚುವ ಮುಚ್ಚಳವಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದಾಗ ಅವನ ತಮ್ಮನ ಎಡಗಾಲು ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ತಮ್ಮ ಅಂಗಡಿಯಲ್ಲೇ ಕೂತು ವಾಚಿನ ಬೆಲ್ಟು ಬದಲಿಸತೊಡಗಿದ. ಅಷ್ಟರಲ್ಲಿ ಹೊಸ ಕಾನೂನು ಬಂತು: ಅನುಮಾನ ಬಂದರೆ ಸಾಕು, ಆರು ತಿಂಗಳು ಜಾಮೀನಿಲ್ಲದೆ ಒಳಗಿಡಬಹುದು. ಅಂಥವರಿಗೆ ಇಷ್ಟೂ ಕಡಿಮೆಯೇ ಎಂದ ತಮ್ಮ. ಅಣ್ಣನೂ ಹೌದೆಂದು ತಲೆಯಾಡಿಸಿದ.

ಮೂರನೇ ವಾರ ಒಬ್ಬ ಪೊಲೀಸ್ ಅಧಿಕಾರಿ ಅಂಗಡಿಗೆ ಬಂದು, ಸೀಲು ಹಾಕಿದ ಚೀಲದಿಂದ ಒಂದು ಅಲಾರಂ ಗಡಿಯಾರ ತೆಗೆದಿಟ್ಟ. ಅದರ ಗಂಟೆಯಿಂದ ಎರಡು ತಂತಿ ಹೊರಗೆ ಬಂದಿದ್ದವು. ಇಟ್ಟ ಹೊತ್ತಿಗೆ ಏನನ್ನಾದರೂ ಸಿಡಿಸಲು ಇದರಿಂದ ಆಗುತ್ತದೆಯೇ, ಬಲ್ಲವರಾಗಿ ಬರೆದುಕೊಡಿ ಎಂದ. ಆಗುತ್ತದೆ, ಅದು ಸುಳ್ಳಲ್ಲ. ಆದರೆ ಗಡಿಯಾರದಣ್ಣ ಮುಚ್ಚಳ ಬಿಚ್ಚಿದಾಗ ಒಳಗೆ ಕಂಡದ್ದು ತನ್ನದೇ ಅಕ್ಷರ, ನಾನೂರ ಹನ್ನೆರಡು.

ಅದು ನಸುಕಿನಲ್ಲೆದ್ದು ಮನೆಮನೆಗೆ ಬ್ರೆಡ್ಡು ಮಾರುವ ಬ್ರೆಡ್ಡಿನವನ ಗಡಿಯಾರ. ಆತನಿಗೆ ಹುಟ್ಟಿನಿಂದ ಕಿವಿ ಕೇಳದು. ಗಂಟೆಯ ಬದಲು ತಲೆದೆಸೆಯ ಬಲ್ಬು ಹೊತ್ತಿಕೊಳ್ಳಲಿ ಎಂದು ತಂತಿ ಬೆಸೆದುಕೊಟ್ಟವನು ಇದೇ ಗಡಿಯಾರದಣ್ಣ. ಅಧಿಕಾರಿ ಹೇಳಿದ, ಹಿಡಿದು ಹನ್ನೊಂದು ದಿನವಾಯಿತು, ಆಸಾಮಿ ಬಾಯಿ ಬಿಡುತ್ತಿಲ್ಲ, ಕಿವುಡನ ನಾಟಕ ಬೇರೆ. ಗಡಿಯಾರದಣ್ಣ ಮುಚ್ಚಳವನ್ನು ಮತ್ತೆ ಹಾಕಿದ. ನಾಳೆ ಠಾಣೆಗೇ ಬಂದು ಬರೆದುಕೊಡುವುದಾಗಿ ಹೇಳಿ ಕಳಿಸಿದ.

ಸಲಕರಣೆ ಮಾಡಿಕೊಟ್ಟವನೂ ಆರೋಪಿಯೇ ಎಂದು ಕಾನೂನಿನಲ್ಲಿತ್ತು. ಆ ನಂಬರು ಗೀಚಿದ್ದು ಯಾರೆಂದು ಠಾಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕ್ರೀ ಹೆಗಲು ಮುಟ್ಟಿ ನೋಡ್ಕೋಬೇಕು?” ಎಂದಳು ಹೆಂಡತಿ, ರಾತ್ರಿ ಅವನು ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ. ತಮ್ಮ ತಟ್ಟೆ ಸರಿಸಿ ಎದ್ದುಹೋದ.

ಬೆಳಿಗ್ಗೆ ಠಾಣೆಯಲ್ಲಿ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಧಿಕಾರಿ ಕೆಟ್ಟವನೇನಲ್ಲ, ಹೇಳಿದ್ದನ್ನೆಲ್ಲ ಬರೆದುಕೊಂಡ.

“ಇಬ್ಬರನ್ನೂ ಬಿಟ್ಟುಬಿಟ್ಟು, ನಾಳೆ ಇನ್ನೊಂದು ಸಿಡಿದ್ರೆ ಜನಕ್ಕೆ ನಾನೇನು ಹೇಳಲಿ?”

“ನನ್ನ ತಮ್ಮನ ಕಾಲು ತೆಗೆದವನು ಸಿಗಬೇಕು ಸ್ವಾಮಿ. ಇವನನ್ನ ಇಟ್ಕೊಂಡು ಕೂತ್ರೆ ಅವನನ್ನ ಹುಡುಕೋರು ಯಾರು?”

ಅಧಿಕಾರಿ ಅದನ್ನೂ ಬರೆದುಕೊಂಡ. ಆಮೇಲೆ ಗಡಿಯಾರದಣ್ಣನನ್ನೂ ಒಳಗೆ ಹಾಕಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹೊಸ ಮಾತೇನಲ್ಲ, ಆದರೆ ಬರೆ ಬಿದ್ದ ಎಮ್ಮೆಗೆ ಅದು ಹೊಸದೇ. ವಕೀಲರ ಮುಖ ಕಂಡದ್ದು ಇಪ್ಪತ್ತನೇ ದಿನ. ನಲವತ್ತೊಂದನೇ ದಿನ ನ್ಯಾಯಾಧೀಶರು ಭೂತಗನ್ನಡಿ ಹಿಡಿದು ನಂಬರು ಓದಿದರು, ಬ್ರೆಡ್ಡಿನವನ ತಲೆದೆಸೆಯಲ್ಲಿ ಬಲ್ಬು ಇದೆಯೇ ಎಂದು ನೋಡಿಸಿದರು, ಇದೆ ಎಂದು ಗೊತ್ತಾದ ಮೇಲೆ ಇಬ್ಬರನ್ನೂ ಬಿಟ್ಟರು. ಯಾರೂ ತಪ್ಪಾಯಿತು ಎನ್ನಲಿಲ್ಲ. ಗಡಿಯಾರ ಕೋರ್ಟಿನ ಕಪಾಟಿನಲ್ಲೇ ಉಳಿಯಿತು.

ವಾರ ಕಳೆದು ಬ್ರೆಡ್ಡಿನವನು ಹೊಸದೊಂದು ಅಲಾರಂ ಹಿಡಿದು ಅಂಗಡಿಗೆ ಬಂದ. ಬೆರಳಲ್ಲಿ ಎರಡು ತಂತಿ ತೋರಿಸಿದ, ಕಣ್ಣು ಮುಚ್ಚಿ ತೆರೆದ. ಗಡಿಯಾರದಣ್ಣ ಬೆಸುಗೆ ಕಡ್ಡಿ ಕಾಯಿಸಿಕೊಂಡ, ಆದರೆ ಕೈ ಮುಂದೆ ಹೋಗಲಿಲ್ಲ. ಠಾಣೆಯಲ್ಲಿ ಸತ್ಯ ಹೇಳಿದವನಿಗೆ ಎರಡು ತಂತಿ ಬೆಸೆಯಲು ಭಯ. ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು. ಆಗಲ್ಲ ಎಂದು ಕೈಯಾಡಿಸಿ ಗಡಿಯಾರವನ್ನು ಹಿಂದಕ್ಕೆ ಚಾಚಿದ.

ತಮ್ಮ ಊರುಗೋಲು ಹಿಡಿದು ಎದ್ದು ಬಂದು, ಅದನ್ನು ನಡುದಾರಿಯಲ್ಲೇ ತೆಗೆದುಕೊಂಡ.

“ಬೆಸಿ ಅಣ್ಣ,” ಎಂದ. “ನಿನ್ನ ನಂಬರ್ ಕೆಳಗೆ ನನ್ನ ಹೆಸರು ಗೀಚ್ತೀನಿ. ಈ ಸಲ ಹಿಡಿಯೋಕೆ ಬಂದ್ರೆ, ಕಾಲು ಕಳ್ಕೊಂಡವನನ್ನೂ ಹಿಡ್ಕೊಂಡು ಹೋಗಲಿ.”

ಗಡಿಯಾರದಣ್ಣ ಬೆಸೆದ. ತಮ್ಮನಿಗೆ ಸೂಜಿ ಹಿಡಿದು ರೂಢಿಯಿರಲಿಲ್ಲ, ಹೆಸರು ಸೊಟ್ಟಗೆ ಬಂತು. ಆದರೂ ಭೂತಗನ್ನಡಿ ಇಲ್ಲದೆಯೇ ಓದುವಷ್ಟು ದೊಡ್ಡದಾಗಿತ್ತು.