ಹಂಪಕ್ಕನ ಇಪ್ಪತ್ತು ನಿಮಿಷ

ಕುರುಗೋಡಿನ ಡಾಕ್ಟರ್ ಗವಿಸಿದ್ದಪ್ಪನವರ ದವಾಖಾನೆಯಲ್ಲಿ ಸೂಜಿ ಕುದಿಸುವ ಕೆಲಸ ಹಂಪಕ್ಕನದು. ಸೀಮೆಎಣ್ಣೆ ಸ್ಟೋವು, ಅದರ ಮೇಲೊಂದು ಅಗಲ ಪಾತ್ರೆ, ಅದರೊಳಗೆ ಗಾಜಿನ ಸಿರಿಂಜು. ನೀರು ಕುದಿಯೋಕೆ ಶುರುವಾದ ಮೇಲೆ ಇಪ್ಪತ್ತು ನಿಮಿಷ. ಇದನ್ನು ಕಲಿಸಿದವರೂ ಡಾಕ್ಟರೇ. ಸಂತೆ ದಿನ ಮಾತ್ರ ಆ ಇಪ್ಪತ್ತು ನಿಮಿಷ ಎಲ್ಲಿ ಹೋಗುತ್ತಿತ್ತೋ ಏನೋ.

ಸಂತೆ ದಿನ ಅಂದರೆ ಐವತ್ತು ಅರವತ್ತು ಜನ. ಮೈಕೈ ನೋವಿಗೂ ಸೂಜಿ, ನೆಗಡಿಗೂ ಸೂಜಿ. ಗುಳಿಗೆ ಬರೆದುಕೊಟ್ಟರೆ ಈ ಡಾಕ್ಟರಿಗೆ ಏನೂ ಬರೋದಿಲ್ಲ ಅಂತ ಎದ್ದು ಹೋಗೋರು. ಎಲ್ಲರಿಗೂ ಬಸ್ಸಿನ ಅವಸರ ಬೇರೆ.

"ಏನಬೇ ಹಂಪಕ್ಕ, ಬ್ಯಾಳಿ ಬೇಯಾಕ ಇಟ್ಟೀಯೇನು?" ಅಂತ ಸಾಲಲ್ಲಿ ನಿಂತ ಮೂಕಪ್ಪ ಕಿಚಾಯಿಸಿದರೆ ಸಾಲಿಗೆ ಸಾಲೇ ನಗುತ್ತಿತ್ತು. ಸ್ಪಿರಿಟ್ಟಲ್ಲಿ ಒರೆಸಿ ಕೊಡು, ಸಾಕು ಅಂತ ಒಳಗಿನಿಂದ ಡಾಕ್ಟರು ಕೂಗುತ್ತಿದ್ದರು. ಹಂಪಕ್ಕ ಹಲ್ಲು ಕಚ್ಚಿ ಒರೆಸಿ ಕೊಡುತ್ತಿದ್ದಳು. ಎಪ್ಪತ್ತಾರರ ಬೇಸಿಗೆಯಲ್ಲಿ ಹಾಗೆ ಒರೆಸಿ ಕೊಟ್ಟ ಸೂಜಿ ಅವಳ ಸ್ವಂತ ತಂಗಿ ಊರಮ್ಮನ ತೋಳಿಗೂ ಚುಚ್ಚಿತು.

ಮೂರು ತಿಂಗಳ ಮೇಲೆ ಊರಮ್ಮ ಗಂಡನ ಊರು ಸಿರುಗುಪ್ಪದಿಂದ ಬಂದಳು. ಊಟ ಸೇರದು, ವಾಂತಿ, ಸುಸ್ತು. ದವಾಖಾನೆಯ ಹಳದಿ ಬಲ್ಬಿನ ಕೆಳಗೆ ಕಣ್ಣು ಸರಿಯಾಗೇ ಕಂಡವು. ಹಂಪಕ್ಕ ಅವಳನ್ನು ಅಂಗಳದ ಬಿಸಿಲಿಗೆ ಎಳೆದು ರೆಪ್ಪೆ ಬಿಡಿಸಿದಳು. ಬಿಳಿ ಇರಬೇಕಾದಲ್ಲಿ ಅರಿಸಿನ. ಕಾಮಾಲೆ. ಆ ತಿಂಗಳು ಅವಳು ಬಿಸಿಲಲ್ಲಿ ನೋಡಿದ ಐದನೇ ಜೋಡಿ ಕಣ್ಣು.

ಕಾಲುವೆ ನೀರಿನಿಂದ ಬಂದಿರಬೇಕು ಅಂದರು ಡಾಕ್ಟರು.

"ಕಾಲುವಿ ನೀರು ಊರೆಲ್ಲಾ ಕುಡಿತೈತ್ರಿ ಸಾಹೇಬ್ರ. ಈ ಐದು ಮಂದಿಗಷ್ಟ ಯಾಕ ಬಂತು? ಐದೂ ಮಂದಿ ಒಂದ ಸಂತಿ ದಿನ ನಮ್ ಸೂಜಿ ಹಾಕಿಸ್ಕೊಂಡಾರ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಅದನ್ನೇ ಎತ್ತಿಕೊಂಡು ಬಳ್ಳಾರಿಯ ಆಸ್ಪತ್ರೆಗೆ ಚೀಟಿ ಬರೆದರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಊರಮ್ಮನನ್ನು ಮೊದಲು ಕೇಳಿದ್ದೇ, ಎರಡು ಮೂರು ತಿಂಗಳ ಹಿಂದೆ ಸೂಜಿ ಹಾಕಿಸಿಕೊಂಡಿದ್ದೀಯಾ ಅಂತ. ಇದಕ್ಕೆ ಔಷಧಿ ಇಲ್ಲ, ಮಲಗಿರಬೇಕು, ಸೇರಿದ್ದು ಉಣ್ಣಬೇಕು, ತಲೆ ತಿರುಗಿ ಮಾತು ತೊದಲಿದರೆ ತಕ್ಷಣ ಕರೆತರಬೇಕು ಅಂದರು. ಊರಮ್ಮನ ಅತ್ತೆಯದು ಒಂದೇ ಹಟ, ಕಾಮಾಲೆ ಇಳಿಯೋಕೆ ಮುಂಗೈಗೆ ಬರೆ ಹಾಕಿಸಬೇಕು. ಹಂಪಕ್ಕ ರಜೆ ಹಾಕಿ ತಂಗಿಯ ಮಂಚದ ಪಕ್ಕ ಕಾವಲು ಕೂತಳು. ಒಂದೂವರೆ ತಿಂಗಳಿಗೆ ಕಣ್ಣು ತಿಳಿಯಾದವು.

ವಾಪಸು ಬಂದಾಗ ದವಾಖಾನೆಯಲ್ಲಿ ಎರಡನೇ ಸ್ಟೋವು ಇತ್ತು. ಇನ್ನು ಒರೆಸೋದು ಬೇಡ ಅಂದರು ಡಾಕ್ಟರು, ಅವಳ ಮುಖ ನೋಡದೆ. ಆದರೆ ಜನ ಕೇಳಬೇಕಲ್ಲ! ಕುದಿಯುವವರೆಗೆ ಕಾಯದೆ ಎದುರಿನ ಜಡೆಪ್ಪನ ಹತ್ತಿರ ಹೋಗೋರು. ಅವನು ಡಾಕ್ಟರೇ ಅಲ್ಲ, ಎಲ್ಲರಿಗೂ ಒಂದೇ ಸೂಜಿ, ಕ್ಷಣದಲ್ಲಿ ಕೆಲಸ. ಹಂಪಕ್ಕ ಕಿಟಕಿಯಿಂದ ನೋಡಿ ನೋಡಿ ಕುದಿಯುತ್ತಿದ್ದಳು.

ಒಂದು ಸಂತೆ ದಿನ ಊರಮ್ಮನೇ ಬಂದಳು. ಮೈಯಲ್ಲಿ ಶಕ್ತಿ ಇಲ್ಲವಂತೆ.

"ತಾಕತ್ತಿನ ಸೂಜಿ ಹಾಕ್ಸಕ್ಕಾ. ಬಸ್ಸು ಹೋಗ್ತೈತಿ, ಒರೆಸಿ ಕೊಟ್ಬಿಡು."

ಹಂಪಕ್ಕನಿಗೆ ಪಾತ್ರೆ ಎತ್ತಿ ಬೀದಿಗೆ ಎಸೆಯುವಷ್ಟು ಸಿಟ್ಟು ಬಂತು. ಊರಮ್ಮ ಜಡೆಪ್ಪನ ಕಡೆ ಕಣ್ಣು ಹಾಯಿಸಿದಳು. ಹಂಪಕ್ಕ ತಂಗಿಯ ಸೆರಗು ಹಿಡಿದೆಳೆದು ಸ್ಟೋವಿನ ಪಕ್ಕ ಕೂರಿಸಿದಳು, ಸೆರಗು ಬಿಡದೆ ಗಡಿಯಾರ ನೋಡಿದಳು.

"ಇನ್ನ ಹನ್ನೊಂದು ನಿಮಿಷ ಐತಿ. ಬಸ್ಸು ಹೋದ್ರ ಹೋಗ್ಲಿ."